ನೀರು ವಾಪಸ್ ಬಂತು, ಉಪ್ಪು?

ತಿರುಪ್ಪೂರಿನಲ್ಲಿ ಕೆಲಸ ಅಂದ ತಕ್ಷಣ ಊರಲ್ಲಿ ಎಲ್ಲರೂ ಬನಿಯನ್ ತಂದುಕೊಡು ಅಂತಾರೆ. ನನ್ನ ಕೈಗೆ ಸಿಗೋದು ಬನಿಯನ್ ಅಲ್ಲ, ಅದಕ್ಕೆ ಬಣ್ಣ ಹಾಕಿ ಬಿಟ್ಟ ನೀರು. ಹಲವು ಡೈಯಿಂಗ್ ಯೂನಿಟ್‌ಗಳ ನೀರು ಪೈಪಿನಲ್ಲಿ ಬಂದು ಸೇರುವ ಶುದ್ಧೀಕರಣ ಪ್ಲಾಂಟ್ ನಮ್ಮದು.

ಬಣ್ಣ ಹೇಗೋ ತೆಗೀಬಹುದು. ತಲೆನೋವು ಉಪ್ಪಿನದು. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಲೀಟರ್ ನೀರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯಬೇಕು. ಬಣ್ಣ ಬಟ್ಟೆಗೆ, ಉಪ್ಪು ಪೂರ್ತಿ ನೀರಿಗೆ. ಹಿಂದೆ ಇದೆಲ್ಲ ನೊಯ್ಯಲ್ ನದಿ ಸೇರಿ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತು ರೈತರ ಬಾವಿ, ಹೊಲ ಕೆಟ್ಟವು. ಅವರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಿಸಿತು. ತೊಟ್ಟು ನೀರೂ ಹೊರಗೆ ಬಿಡುವಂತಿಲ್ಲ ಅನ್ನೋ ಷರತ್ತಿನ ಮೇಲೇ ಮತ್ತೆ ತೆರೆದಿದ್ದು.

ಅದಕ್ಕೇ ಆರ್‌ಓ. ಮನೆಯಲ್ಲಿರುವಂಥದ್ದೇ, ಗಾತ್ರ ಮಾತ್ರ ಬೇರೆ: 8 ಇಂಚು ದಪ್ಪ, 40 ಇಂಚು ಉದ್ದದ ಮೆಂಬ್ರೇನ್ ಸುರುಳಿಗಳು, ಅಂದರೆ ನೀರು ಬಿಟ್ಟು ಉಪ್ಪು ತಡೆಯುವ ತೆಳು ಪೊರೆ ಸುತ್ತಿದ್ದು. ಅದರೊಳಗೆ ನೀರು ಬಿಡುವ ಮುಂಚೆ ಎಸ್‌ಡಿಐ ಟೆಸ್ಟ್ ಮಾಡುತ್ತೇವೆ, ಈ ನೀರು ಮೆಂಬ್ರೇನನ್ನು ಎಷ್ಟು ಬೇಗ ಕಟ್ಟಿಸುತ್ತದೆ ಅಂತ ಅಂದಾಜು ಮಾಡೋಕೆ. 0.45 ಮೈಕ್ರಾನ್ ರಂಧ್ರದ ಬಿಳಿ ಫಿಲ್ಟರ್ ಬಿಲ್ಲೆಯಲ್ಲಿ 15 ನಿಮಿಷ ನೀರು ಹಾಯಿಸಿ, ಎಷ್ಟು ಕಟ್ಟಿಕೊಂಡಿತು ಅಂತ ಲೆಕ್ಕ ಹಾಕೋದು. ಆ ಅಂಕಿ 5 ದಾಟಿದರೆ ನೀರನ್ನು ಒಳಗೆ ಬಿಡಲ್ಲ. ಲೆಕ್ಕಕ್ಕಿಂತ ಮೊದಲು ನಾನು ಬಿಲ್ಲೆಯನ್ನೇ ಎತ್ತಿ ನೋಡುತ್ತೇನೆ. ತುಕ್ಕಿನ ಬಣ್ಣ ಇದ್ದರೆ ಕಬ್ಬಿಣದ ಮೇಲೆ ಅನುಮಾನ. ಬೆರಳಿಗೆ ಲೋಳೆ ಹತ್ತಿದರೆ ಆರ್‌ಓಗೆ ಮೊದಲು ಬ್ಯಾಕ್ಟೀರಿಯಾ ಕೊಳೆ ತಿನ್ನುವ ಟ್ಯಾಂಕಿಗೆ ಓಡಬೇಕು. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರಂತೂ ಕಥೆ ಮುಗೀತು. ಮೆಂಬ್ರೇನಿನ ಪದರವೇ ಹಾಳು, ಆಮೇಲೆ ಯಾವ ಆಸಿಡ್ ವಾಶ್ ಮಾಡಿದರೂ ಪ್ರಯೋಜನ ಇಲ್ಲ.

ಹೊರಗೆ ಬರುವ ನೀರು ಚೆನ್ನಾಗಿಯೇ ಇರುತ್ತದೆ, ಬೋರ್‌ವೆಲ್ ನೀರಿಗಿಂತ ಮೆದು. ಅದು ಡೈಯಿಂಗ್‌ಗೇ ವಾಪಸ್. ನೋಡೋಕೆ ಬಂದವರು ಅದನ್ನು ಗ್ಲಾಸಿನಲ್ಲಿ ಹಿಡಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹಿಂದುಗಡೆ ಉಳಿದ ರಿಜೆಕ್ಟ್ ನೀರಿನ ಜೊತೆ ಯಾರೂ ಫೋಟೊ ತೆಗೆಸಿಕೊಳ್ಳಲ್ಲ. ಉಪ್ಪೆಲ್ಲ ಅದರಲ್ಲೇ ಇರೋದು, ಮೆಂಬ್ರೇನ್ ಅದನ್ನು ಮಾಯ ಮಾಡಲ್ಲ ಅಲ್ವಾ? ಬಾಯ್ಲರ್ ಉರಿಸಿ, ಇವಾಪರೇಟರ್‌ನಲ್ಲಿ ಬತ್ತಿಸಬೇಕು. ಖರ್ಚು ಜಾಸ್ತಿ ಆಗೋದು ಅಲ್ಲೇ.

ಡೈಯಿಂಗ್‌ನವರು ಗ್ಲಾಬರ್ ಸಾಲ್ಟ್ (ಸೋಡಿಯಂ ಸಲ್ಫೇಟ್) ಒಂದನ್ನೇ ಬಳಸಿದರೆ ಅದನ್ನು ಬೇರ್ಪಡಿಸಿ ಅವರಿಗೇ ಕೊಡಬಹುದು. ಅಡುಗೆ ಉಪ್ಪನ್ನೂ ಬೆರೆಸಿದರೆ ಕೊನೆಗೆ ಸಿಗೋದು ಯಾರಿಗೂ ಬೇಡದ ಮಿಶ್ರ ಉಪ್ಪು. ಚೀಲಕ್ಕೆ ತುಂಬಿ ಶೆಡ್ಡಿನಲ್ಲಿ ಪೇರಿಸಬೇಕು, ಮಳೆ ತಾಗದ ಹಾಗೆ ಕಾಯಬೇಕು. ಅದಕ್ಕೇ ಹೊಸ ಮೆಂಬ್ರೇನ್ ಮಾರೋಕೆ ಯಾರಾದರೂ ಬಂದರೆ ನಾನು ಕ್ಯಾಟಲಾಗ್ ಆಮೇಲೆ ನೋಡುತ್ತೇನೆ. ಮೊದಲು ಡೈಯಿಂಗ್‌ನವರಿಗೆ ಫೋನ್ ಮಾಡಿ ಈ ತಿಂಗಳು ಯಾವ ಉಪ್ಪು ತರಿಸಿದ್ದೀರಿ ಅಂತ ಕೇಳುತ್ತೇನೆ.