ಹಳ್ಳದ ಕರೆಂಟ್: 48 ವೋಲ್ಟ್ ಹೊರಟಿತು, ಮನೆಗೆ 40 ಬಂತು

ಹಳ್ಳದ ನೀರಿನಿಂದ ಮನೆಗೆ ಕರೆಂಟ್ ಮಾಡಿಕೊಂಡಿದ್ದೇನೆ. ಅಂತೂ ಇನ್ವರ್ಟರ್ (ಡಿಸಿಯನ್ನು ಮನೆ ಬಳಕೆಯ ಎಸಿ ಕರೆಂಟ್ ಮಾಡುವ ಪೆಟ್ಟಿಗೆ) ಕೂಗುವುದು ನಿಂತಿದೆ. ಪೈಪು, ನಾಝಲ್, ನೀರು ಚಿಮ್ಮಿಸಿ ತಿರುಗಿಸುವ ಪೆಲ್ಟನ್ ಚಕ್ರದ ಕಥೆ ಇಲ್ಲಿ ಬೇಡ. ಹೊಸನಗರದ ಮಳೆಗೆ ಹಳ್ಳದಲ್ಲಿ ನೀರಿಗೇನೂ ಬರವಿಲ್ಲ. ತಲೆ ತಿಂದಿದ್ದು ತೋಟದ ನಡುವಿನ ವೈರು.

ಲೆಕ್ಕ ಹೀಗಿತ್ತು. ಡೈನಮೋದಿಂದ 48 ವೋಲ್ಟ್ ಡಿಸಿ. ಮನೆಗೆ 150 ಮೀಟರ್, ಹೋಗಿ ಬರಲು 300. 2.5 ಸ್ಕ್ವೇರ್ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್ (ಕರೆಂಟಿಗೆ ವೈರು ಒಡ್ಡುವ ತಡೆಯ ಅಳತೆ), ಅಂದರೆ ನಮ್ಮ ವೈರಿಗೆ 2.2. ಅದರಲ್ಲಿ 2 ಆಂಪ್ ಹರಿದರೆ 4.4 ವೋಲ್ಟ್ ದಾರಿಖರ್ಚು. ಉಳಿದ 43.6 ಸಾಕು. ಇನ್ವರ್ಟರ್ ಕೈಕೊಡುವುದು 42ಕ್ಕೆ.

ಆಗಿದ್ದೇ ಬೇರೆ. ಲೋಡ್, ಅಂದರೆ ಕರೆಂಟ್ ಎಳೆಯುವ ಸಾಮಾನು, ಇಲ್ಲದಾಗ ಮೀಟರ್ ಇಟ್ಟರೆ ನೆಟ್ಟಗೆ 48. ಲೋಡ್ ಹಾಕಿದರೆ ಟಪ್ ಅಂತ ಆಫ್. ಮತ್ತೆ ಆನ್, ಮತ್ತೆ ಆಫ್. "ಇದೇನೋ, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಾ?" ಅಂದಳು ಅಮ್ಮ. ಕರೆಂಟ್ ಹರಿಯದಿದ್ದರೆ ಓಮ್ ಎಷ್ಟಿದ್ದರೂ ವೋಲ್ಟೇಜ್ ಬೀಳುವುದಿಲ್ಲ, ಅದಕ್ಕೇ ಈ ಆಟ. ಬರೀ ವೋಲ್ಟ್ ನೋಡಿ ಖುಷಿಪಡಬೇಡಿ.

ಡೈನಮೋ ಪಕ್ಕದಲ್ಲೇ ಲೋಡ್ ಹಾಕಿದೆ, 48 ಅಲುಗಲಿಲ್ಲ. ಹಾಗಾದರೆ ವೈರೇ. ಎರಡೂ ಕಡೆ ಬಿಚ್ಚಿ, ಹಳ್ಳದ ತುದಿಯನ್ನು ಒಟ್ಟಿಗೆ ಹೊಸೆದು, ಮನೆಯಿಂದ ಮೀಟರ್ ಹಿಡಿದೆ. 3.9 ಓಮ್. ಮೀಟರಿನ ಕಡ್ಡಿಗಳದ್ದೇ 0.3, ಅದನ್ನು ಕಳೆದರೆ 3.6. ಅದು 1.5 ಸ್ಕ್ವೇರ್ ಎಂಎಂ ವೈರಿನ ಲೆಕ್ಕ! 2 ಆಂಪಿಗೆ 7.2 ವೋಲ್ಟ್ ದಾರಿಯಲ್ಲೇ ಹೋಗಿ ಮನೆಗೆ 40.8, ಇನ್ವರ್ಟರಿನ 42ಕ್ಕಿಂತ ಕೆಳಗೆ. ಮೇಲೆ ದಪ್ಪ ಪ್ಲಾಸ್ಟಿಕ್, ಮೇಲೆ 2.5 ಅಂತ ಅಚ್ಚು, ಒಳಗೆ ತಾಮ್ರ ಮಾತ್ರ ಸಣ್ಣದು. ಅಂಗಡಿಯವರನ್ನು ಕೇಳಿದರೆ "ಕಟ್ ಮಾಡಿದ ಮಾಲು ವಾಪಸ್ ಇಲ್ಲ ಸಾರ್". ಬಿಲ್ಲು ಮಾತ್ರ 2.5ರದ್ದೇ.

ಸ್ಪ್ರಿಂಕ್ಲರ್ ಪಂಪಿನ ಹಳೇ ವೈರು ಅಟ್ಟದಲ್ಲಿತ್ತು, ಅದೂ 1.5. ಜೊತೆಗೆ ಪ್ಯಾರಲಲ್ ಎಳೆದೆ, ಅಂದರೆ ಎರಡೂ ವೈರಿನ ತುದಿಗಳನ್ನು ಜೋಡಿಸಿ ಕರೆಂಟಿಗೆ ಎರಡು ದಾರಿ ಮಾಡಿದೆ. ಓಮ್ ಅರ್ಧಕ್ಕಿಳಿಯಿತು, ಮನೆಯಲ್ಲಿ ಈಗ ಲೋಡ್ ಮೇಲೂ 44 ದಾಟುತ್ತದೆ. ಇನ್ನೂ ಜಾಸ್ತಿ ದೂರವಿದ್ದರೆ ವೋಲ್ಟೇಜನ್ನೇ ಏರಿಸಬೇಕು. ಅದೇ ವ್ಯಾಟ್‌ಗೆ ವೋಲ್ಟ್ ಎರಡರಷ್ಟಾದರೆ ಆಂಪ್ ಅರ್ಧ, ವೈರಿನಲ್ಲಿ ಹಾಳಾಗುವ ವ್ಯಾಟ್ ಕಾಲುಭಾಗ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಸಾವಿರಾರು ವೋಲ್ಟಿನಲ್ಲಿ ಕಳಿಸಿದ್ದು ಸುಮ್ನೆ ಅಲ್ಲ.

ಮುಂದಿನದು ಬಚ್ಚಲ ಹಂಡೆ. ರಾತ್ರಿ ಲೋಡ್ ಇಲ್ಲದೆ ಚಕ್ರ ಸಿಕ್ಕಾಪಟ್ಟೆ ಓಡುತ್ತದೆ, ಆ ಕರೆಂಟಿಗೆ ನೀರು ಕಾಯಿಸುವ ಕೆಲಸ ಕೊಡಬೇಕು. 100 ವ್ಯಾಟ್ 10 ಗಂಟೆಗೆ 1 ಯೂನಿಟ್. 20 ಲೀಟರ್ ಸ್ನಾನಕ್ಕೆ ಧಾರಾಳ. 230 ವೋಲ್ಟಿನ 1000 ವ್ಯಾಟ್ ನೀರು ಕಾಯಿಸುವ ಕಾಯಿಲ್ ಅಂದರೆ ಸುಮಾರು 53 ಓಮ್, 48 ವೋಲ್ಟಿಗೆ ಹಾಕಿದರೆ ಬರೀ 43 ವ್ಯಾಟ್. ಅಂಥವೆರಡು ಪ್ಯಾರಲಲ್ ಹಾಕಿದರೆ 87. ಹಳೇ ಕಾಯಿಲ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಆ ಅಂಗಡಿಗೆ ಮತ್ತೆ ಹೋಗುವವನಲ್ಲ ನಾನು.