ಕಾಕ್‌ಪಿಟ್ ವಿನ್ಯಾಸದ ಪಾಠವನ್ನು ಪೈಲಟ್‌ನ ಕಣ್ಣಿನಿಂದ ಆರಂಭಿಸುವುದೇಕೆ

ಉಡುಪಿ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿಮಾನ ವಿನ್ಯಾಸ ಬೋಧಿಸುವುದು ನನ್ನ ವೃತ್ತಿ. ಅಂತಿಮ ವರ್ಷದ ವಿದ್ಯಾರ್ಥಿಗಳ ಒಂದು ತಂಡ ಪ್ರತಿ ವರ್ಷ ಯುದ್ಧವಿಮಾನದ ಕಾಕ್‌ಪಿಟ್‌ನ ಪೂರ್ಣ ಗಾತ್ರದ ಮಾದರಿಯನ್ನು ಕಟ್ಟುತ್ತದೆ. ಅದಕ್ಕೆ ಮಾರ್ಗದರ್ಶನ ಮಾಡುವ ಹೊಣೆ ನನ್ನದು. ಪ್ಲೈವುಡ್ಡಿನ ಚೌಕಟ್ಟು, ಗುಜರಿಯಿಂದ ತಂದ ಕಾರಿನ ಸೀಟು, ಕೆಲವು ಮಾನಿಟರ್‌ಗಳು, ಮಂಗಳೂರಿನಲ್ಲಿ ನಾಮಫಲಕ ಮಾಡುವವರಿಂದ ಬಾಗಿಸಿ ತಂದ ಅಕ್ರಿಲಿಕ್ ಹಾಳೆ ಇವಿಷ್ಟೇ ಅದರ ಸಾಮಗ್ರಿ. ಈ ಕೆಲಸದಿಂದ ನನಗೆ ಗಟ್ಟಿಯಾಗಿ ಮನದಟ್ಟಾಗಿರುವ ವಿಚಾರವೊಂದಿದೆ: ಪೈಲಟ್‌ನ ಮುಂದಿರುವ ಪರದೆಗಳನ್ನೂ ಅವನ ತಲೆಯ ಮೇಲಿರುವ ಪಾರದರ್ಶಕ ಮುಚ್ಚಳವನ್ನೂ, ಅಂದರೆ ಕ್ಯಾನೊಪಿಯನ್ನೂ, ಬೇರೆ ಬೇರೆ ವಿನ್ಯಾಸಗಳೆಂದು ಕಲಿಸಬಾರದು. ಎರಡೂ ಒಂದೇ ಜೊತೆ ಕಣ್ಣುಗಳಿಗಾಗಿ ಪೈಪೋಟಿ ನಡೆಸುತ್ತವೆ.

ಆದ್ದರಿಂದ ನನ್ನ ತಂಡಗಳು ಮೊದಲು ಗುರುತಿಸುವುದು ಒಂದು ಬಿಂದುವನ್ನು. ಪೈಲಟ್ ಸರಿಯಾಗಿ ಕುಳಿತಾಗ ಅವನ ಕಣ್ಣು ಎಲ್ಲಿರಬೇಕು ಎಂದು ವಿನ್ಯಾಸಕಾರರು ನಿಗದಿಪಡಿಸುವ ಬಿಂದು ಅದು. ಸೀಟಿನ ಮೇಲ್ಭಾಗದಿಂದ ಇಳಿಬಿಟ್ಟ ತೂಗುದಾರಕ್ಕೆ ಒಂದು ಮಣಿ ಕಟ್ಟಿ, ಆ ಮಣಿಯಿಂದ ವಿಮಾನದ ಮೂಗಿನ ಕಡೆಗೆ, ಎರಡು ಬದಿಗಳ ಕಡೆಗೆ, ಹಿಂಬದಿಗೆ ನೂಲುಗಳನ್ನು ಎಳೆದು ಕಟ್ಟುತ್ತೇವೆ. ಎಫ್-16 ವಿಮಾನದಲ್ಲಿ ಪೈಲಟ್‌ಗೆ ಮೂಗಿನ ಮೇಲಿಂದ ಕೆಳಕ್ಕೆ 15 ಡಿಗ್ರಿ ಮತ್ತು ಬದಿಗಳಲ್ಲಿ 40 ಡಿಗ್ರಿಗಳಷ್ಟು ನೋಟ ಸಿಗುತ್ತದೆ. ಈ ಅಂಕಿಗಳನ್ನು ಪುಸ್ತಕದಲ್ಲಿ ಓದುವಾಗ ವಿದ್ಯಾರ್ಥಿಗಳಿಗೆ ವಿಶೇಷವೇನೂ ಅನ್ನಿಸುವುದಿಲ್ಲ. ಆದರೆ 15 ಡಿಗ್ರಿಯ ನೂಲನ್ನು ನಿಜವಾಗಿ ಕಟ್ಟಿದ ಮೇಲೆ, ತಾವು ಎಲ್ಲಕ್ಕಿಂತ ಹೆಚ್ಚು ಆಸೆಯಿಂದ ತಂದಿಟ್ಟ ದೊಡ್ಡ ಮಾನಿಟರಿನ ಮೇಲಂಚು ಆ ನೂಲನ್ನು ದಾಟಿ ಮೇಲೆ ನಿಂತಿರುವುದು ಅವರಿಗೇ ಕಾಣುತ್ತದೆ. ಪರದೆ ಎತ್ತರವಾದಷ್ಟೂ ರನ್‌ವೇ ಮರೆಯಾಗುತ್ತದೆ. ಎಫ್-35ರ ಮುಖ್ಯ ಪರದೆ 20 ಇಂಚು ಅಗಲವಿದ್ದರೂ ಎತ್ತರ 8 ಇಂಚು ಮಾತ್ರ ಇರುವುದಕ್ಕೆ ಒಂದು ಕಾರಣ ಅವರಿಗೆ ಆಗ ಯಾರೂ ಹೇಳದೆಯೇ ಹೊಳೆಯುತ್ತದೆ.

ತಂಡದಲ್ಲಿ ಎತ್ತರದ ಹುಡುಗರೂ ಇರುತ್ತಾರೆ, ಗಿಡ್ಡ ಹುಡುಗಿಯರೂ ಇರುತ್ತಾರೆ. ಕುಂದಾಪುರ ಕಡೆಯ ವಿದ್ಯಾರ್ಥಿನಿಯೊಬ್ಬಳು ಸೀಟಿನಲ್ಲಿ ಕುಳಿತು, “ಸರ್, ನನ್ನ ಕಣ್ಣು ಮಣಿಗಿಂತ ನಾಲ್ಕು ಬೆರಳು ಕೆಳಗಿದೆ, ನನಗೆ ಮೂಗಿನ ಆಚೆ ಏನೂ ಕಾಣುತ್ತಿಲ್ಲ” ಎಂದಳು. ಯುದ್ಧವಿಮಾನದ ಸೀಟು ಮೇಲೆ ಕೆಳಗೆ ಸರಿಯುವುದು ಬರೀ ಆರಾಮಕ್ಕಲ್ಲ, ಪ್ರತಿಯೊಬ್ಬ ಪೈಲಟ್‌ನ ಕಣ್ಣನ್ನೂ ಆ ಬಿಂದುವಿಗೆ ತಂದು ನಿಲ್ಲಿಸುವುದಕ್ಕೆ. ಅಂದು ತಂಡದವರು ಸೀಟಿನ ಕೆಳಗೆ ಹಲಗೆಗಳನ್ನು ಇಟ್ಟು ಆಕೆಯ ಕಣ್ಣನ್ನು ಮಣಿಗೆ ತಂದರು. ಆಗ ಆಕೆಯ ಕಾಲು ಪೆಡಲಿನಿಂದ ಮೇಲೆದ್ದು ನಿಂತಿತು. ಪೆಡಲುಗಳೂ ಹಿಂದೆ ಮುಂದೆ ಸರಿಯಬೇಕೆಂಬುದು ಹೀಗೆ ತಾನಾಗಿಯೇ ಪಾಠದೊಳಗೆ ಬಂತು.

ಈ ಬಿಂದುವಿನ ಮಹತ್ವ ಇನ್ನೂ ಹೆಚ್ಚಾಗಿ ತಿಳಿಯುವುದು ಹೆಡ್-ಅಪ್ ಡಿಸ್‌ಪ್ಲೇ ವಿಷಯಕ್ಕೆ ಬಂದಾಗ. ಹಡ್ ಎಂದೇ ರೂಢಿಯಲ್ಲಿರುವ ಈ ಸಾಧನ ವೇಗ, ಎತ್ತರ, ಗುರಿ ಮುಂತಾದವುಗಳನ್ನು ಪೈಲಟ್‌ನ ಎದುರಿನ ಗಾಜಿನ ಮೇಲೆ ಹಸಿರು ಗೆರೆಗಳಲ್ಲಿ ತೋರಿಸುತ್ತದೆ. ಆದರೆ ಆ ಗೆರೆಗಳು ಗಾಜಿನ ಮೇಲೆ ಬರೆದ ಹಾಗೆ ಕಾಣುವುದಿಲ್ಲ. ಮಸೂರಗಳು ಬೆಳಕಿನ ಕಿರಣಗಳನ್ನು ಸಮಾನಾಂತರವಾಗಿಸಿ ಕಳುಹಿಸುವುದರಿಂದ ಅವು ಅನಂತ ದೂರದಲ್ಲಿರುವಂತೆ ಕಾಣುತ್ತವೆ. ಹೊರಗಿನ ವಿಮಾನದಿಂದ ಅಂಕಿಗೆ, ಅಂಕಿಯಿಂದ ಮತ್ತೆ ಹೊರಗೆ ನೋಡುವಾಗ ಕಣ್ಣು ತನ್ನ ನಾಭಿದೂರವನ್ನು ಬದಲಿಸಬೇಕಾಗಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ತಲೆ ಒಂದು ಮಿತಿಗಿಂತ ಆಚೀಚೆ ಸರಿದರೆ ಚಿತ್ರ ಕತ್ತರಿಸಿ ಹೋಗುತ್ತದೆ. ನಮ್ಮ ತೇಜಸ್ ವಿಮಾನದ ಹಡ್ ಅನ್ನು ಚಂಡೀಗಢದ ಸಿಎಸ್‌ಐಒ ಸಂಸ್ಥೆ ರೂಪಿಸಿದೆ. ಅದರ ಕೆಳಗೆ ಬಣ್ಣದ ಬಹುಬಳಕೆಯ ಪರದೆಗಳಿವೆ. ರಫೇಲ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಡ್‌ನ ಕೆಳಗಿರುವ ಮಧ್ಯದ ಪರದೆಯ ಚಿತ್ರವೂ ದೂರದಲ್ಲಿರುವಂತೆ ಕಾಣುವ ಏರ್ಪಾಡು ಮಾಡಿದ್ದಾರೆ. ನನ್ನ ಮಟ್ಟಿಗೆ ಇದು ಬಹಳ ವಿವೇಕದ ವಿನ್ಯಾಸ, ಏಕೆಂದರೆ ಇದರಲ್ಲಿ ಪರದೆಯ ಗಾತ್ರಕ್ಕಿಂತ ಕಣ್ಣಿನ ದಣಿವಿಗೆ ಹೆಚ್ಚು ಬೆಲೆ ಕೊಟ್ಟಿದ್ದಾರೆ.

ಹಳೆಯ ವಿಮಾನಗಳನ್ನು ನೋಡಿ ವಿದ್ಯಾರ್ಥಿಗಳು ನಗುವುದನ್ನು ನಾನು ಒಪ್ಪುವುದಿಲ್ಲ. 1963ರಲ್ಲಿ ಭಾರತೀಯ ವಾಯುಪಡೆಗೆ ಸೇರಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದ ಮಿಗ್-21ರ ಕಾಕ್‌ಪಿಟ್ ತುಂಬ ದುಂಡನೆಯ ಮುಳ್ಳಿನ ಮಾಪಕಗಳೇ ಇದ್ದವು. ಆದರೆ ಆ ಪ್ಯಾನೆಲಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಬಿಳಿ ಪಟ್ಟೆ ಬಳಿದಿರುತ್ತಿತ್ತು. ವಿಮಾನ ಗಿರಗಿರನೆ ಸುತ್ತುತ್ತಾ ಕೆಳಗಿಳಿಯುವಾಗ ಗಾಬರಿಯಲ್ಲಿರುವ ಪೈಲಟ್ ನಿಯಂತ್ರಣದ ಕೋಲನ್ನು ಆ ಪಟ್ಟೆಯ ನೇರಕ್ಕೆ ತಂದರೆ ಅದು ನಟ್ಟನಡುವೆ ಇದೆ ಎಂದು ಖಚಿತವಾಗುತ್ತಿತ್ತು. ವಿದ್ಯುತ್ ಬೇಡ, ತಂತ್ರಾಂಶ ಬೇಡ. ಅದೇ ವಿಮಾನದ ದೊಡ್ಡ ಕೊರತೆ ಹಿಂಬದಿಯ ನೋಟದ್ದು. ಕ್ಷಿಪಣಿಗಳು ಬಂದ ಮೇಲೆ ಹತ್ತಿರದ ಕಾದಾಟ ಮುಗಿದ ಕಥೆ, ವೇಗವೇ ಮುಖ್ಯ ಎಂದು ನಂಬಿದ್ದ 1950ರ ದಶಕದಲ್ಲಿ, ಗಾಳಿಯ ಎಳೆತ ತಗ್ಗಿಸಲು ಕ್ಯಾನೊಪಿಯನ್ನು ಬೆನ್ನಿನ ಸಾಲಿಗೆ ಸೇರಿಸಿ ತಗ್ಗಾಗಿ ಇಡುತ್ತಿದ್ದರು. ಹಿಂದೆ ನೋಡಲೆಂದು ಮಿಗ್-21ರ ಕೆಲವು ಆವೃತ್ತಿಗಳಿಗೆ ಪುಟ್ಟದೊಂದು ಪೆರಿಸ್ಕೋಪ್ ಜೋಡಿಸಬೇಕಾಯಿತು. ವಿಯೆಟ್ನಾಂ ಯುದ್ಧದ ಅನುಭವದ ಮೇಲೆ ಅಭಿಪ್ರಾಯ ಬದಲಾಯಿತು. 1974ರಲ್ಲಿ ಮೊದಲು ಹಾರಿದ ಎಫ್-16ರಲ್ಲಿ ಎದುರಿಗೆ ಚೌಕಟ್ಟಿನ ಕಂಬಿಯೇ ಇಲ್ಲದ ಗುಳ್ಳೆಯಾಕಾರದ ಕ್ಯಾನೊಪಿ ಬಂತು.

ಗುಳ್ಳೆ ಬಂದದ್ದೇ ತಡ, ಪರದೆಯವರ ಕಷ್ಟಗಳು ಶುರುವಾದವು. ಎಲ್ಲ ದಿಕ್ಕಿನಿಂದ ನೋಡಲು ಆಗುವುದೆಂದರೆ ಎಲ್ಲ ದಿಕ್ಕಿನಿಂದ ಬಿಸಿಲು ಒಳಗೆ ಬರುವುದು ಎಂದೂ ಅರ್ಥ. ನೇರ ಬಿಸಿಲಿನ ಪ್ರಖರತೆ ಸುಮಾರು ಒಂದು ಲಕ್ಷ ಲಕ್ಸ್. ನಮ್ಮ ಕರಾವಳಿಯಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಮಾದರಿಯನ್ನು ಕಾರ್ಯಾಗಾರದಿಂದ ಅಂಗಳಕ್ಕೆ ಎಳೆದು ತಂದು ನಿಲ್ಲಿಸುವುದು ನಮ್ಮ ಕಡ್ಡಾಯ ಪರೀಕ್ಷೆ. ಒಳಗೆ ಕಣ್ಣು ಕೋರೈಸುತ್ತಿದ್ದ ನಕ್ಷೆ ಅಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ವಿದ್ಯಾರ್ಥಿಗಳು ಕೂಡಲೇ ಹೊಳಪು ಹೆಚ್ಚಿಸಲು ಹೋಗುತ್ತಾರೆ. ನಾನು ಅವರಿಗೆ ಪರದೆಯ ಮೇಲೆ ಏನು ಪ್ರತಿಫಲಿಸುತ್ತಿದೆ ಎಂದು ನೋಡಲು ಹೇಳುತ್ತೇನೆ. ಕಳೆದ ಬಾರಿ ಸೀಟಿನಲ್ಲಿ ಕುಳಿತವನ ಬಿಳಿ ಸಮವಸ್ತ್ರದ ಅಂಗಿ, ಗುಂಡಿಗಳ ಸಮೇತ, ಪರದೆಯ ಕೆಳ ಅರ್ಧದಲ್ಲಿ ಸ್ಪಷ್ಟವಾಗಿ ಮೂಡಿತ್ತು. ಅವನ ಎದೆಯ ಮೇಲೆ ಕಪ್ಪು ಬಟ್ಟೆ ಹೊದಿಸಿದ ಕ್ಷಣದಲ್ಲೇ, ಹೊಳಪನ್ನು ಒಂದಿಷ್ಟೂ ಮುಟ್ಟದೆ, ಅಂಕಿಗಳು ಓದಲು ಬಂದವು. ಬಿಸಿಲಿನಲ್ಲಿ ಓದಲು ಮುಖ್ಯವಾಗಿ ಬೇಕಾದದ್ದು ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ವ್ಯತ್ಯಾಸ. ಪ್ರತಿಫಲನ ಅದನ್ನು ತಿಂದುಹಾಕುತ್ತದೆ. ವಿಮಾನದ ಪರದೆಗಳಿಗೆ ಪ್ರತಿಫಲನ ತಡೆಯುವ ಲೇಪ ಹಚ್ಚುವುದು, ಪ್ಯಾನೆಲಿನ ಮೇಲ್ಭಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯುವುದು ಇದೇ ಕಾರಣಕ್ಕೆ.

ರಾತ್ರಿಯ ಸಮಸ್ಯೆ ಇದರ ತದ್ವಿರುದ್ಧ. ಕೋಣೆಯ ದೀಪ ಆರಿಸಿ ಮಾನಿಟರ್ ಹಚ್ಚಿದರೆ, ಬಾಗಿದ ಅಕ್ರಿಲಿಕ್ಕಿನ ಒಳಮೈಯಲ್ಲಿ ಅದರ ಚಿತ್ರ ತೇಲಾಡಿ, ಹೊರಗೆ ಯಾವುದೋ ದೀಪ ಉರಿಯುತ್ತಿರುವ ಭ್ರಮೆ ಹುಟ್ಟುತ್ತದೆ. ಹಗಲಿನ ಪ್ರಖರ ಹೊಳಪು ಇರುವ ಪರದೆಯೇ ರಾತ್ರಿ ಬಹುತೇಕ ಕತ್ತಲೆಯ ಮಟ್ಟಕ್ಕೆ ಇಳಿಯಬೇಕು. ಇರುಳುಗನ್ನಡಕ ಧರಿಸಿ ಹಾರುವವರಿಗೆ ಇದೂ ಸಾಲದು. ಆ ಸಾಧನಗಳು ಕೆಂಪು ಮತ್ತು ಅವಗೆಂಪು ಬೆಳಕನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸುವುದರಿಂದ, ಕಾಕ್‌ಪಿಟ್ಟಿನ ಒಂದು ಸಾಧಾರಣ ಕೆಂಪು ದೀಪವೂ ಅವುಗಳ ನೋಟವನ್ನು ಮಂಕಾಗಿಸಬಲ್ಲದು. ಅಂತಹ ವಿಮಾನಗಳ ಒಳಗಿನ ಬೆಳಕು ಹಸಿರು ಛಾಯೆಗೆ ವಾಲಿರುವುದು ಈ ಕಾರಣದಿಂದ.

ಕ್ಯಾನೊಪಿಯ ಪಕ್ಷದ ಕಷ್ಟಗಳೂ ಕಡಿಮೆಯೇನಲ್ಲ. ಬಾಗಿಸಿದ ಹಾಳೆಯ ಹಿಂದೆ ಗ್ರಾಫ್ ಚೌಕಗಳ ದೊಡ್ಡ ಹಾಳೆ ಅಂಟಿಸಿ, ಮಣಿ ಇರುವ ಜಾಗದಿಂದಲೇ ಮೊಬೈಲಿನಲ್ಲಿ ಫೋಟೊ ತೆಗೆಯಿಸುತ್ತೇನೆ. ನಡುವೆ ಚೌಕಗಳು ನೇರವಾಗಿಯೇ ಇರುತ್ತವೆ. ಬಾಗು ಹೆಚ್ಚಾಗುವ ಅಂಚಿನಲ್ಲಿ ಗೆರೆಗಳು ಹಾವಿನಂತೆ ಹೊರಳುತ್ತವೆ. ನಿಜವಾದ ಕ್ಯಾನೊಪಿಗಳನ್ನೂ ಚೌಕಳಿ ಫಲಕದ ಎದುರು ಇಟ್ಟೇ ಪರೀಕ್ಷಿಸುತ್ತಾರೆ. ಬಾಗಿದ ಪದರದಿಂದ ಹೊರಗಿನ ಗುರಿ ಸ್ವಲ್ಪ ಸರಿದು ಕಂಡರೆ ಹಡ್‌ನ ಗುರಿಗೆರೆ ಅದರ ಮೇಲೆ ಕೂರುವುದಿಲ್ಲವಾದ್ದರಿಂದ, ಆ ವಕ್ರತೆಯನ್ನು ಅಳೆದು ಲೆಕ್ಕದಲ್ಲಿ ಸರಿದೂಗಿಸಬೇಕಾಗುತ್ತದೆ. ಪರದೆಯ ಗೆರೆ ಎಲ್ಲಿ ಮೂಡಬೇಕೆಂಬುದನ್ನು ಕ್ಯಾನೊಪಿಯ ಪ್ಲಾಸ್ಟಿಕ್ಕೇ ನಿರ್ಧರಿಸುವ ಈ ಹಂತಕ್ಕೆ ಬಂದಾಗ, ಪರದೆಗೊಂದು ಕ್ಯಾನೊಪಿಗೊಂದು ಎಂದು ಗುಂಪುಗಳನ್ನು ವಿಂಗಡಿಸಿಕೊಡಿ ಎಂಬ ಬೇಡಿಕೆ ತರಗತಿಯಲ್ಲಿ ನಿಂತುಹೋಗುತ್ತದೆ.

ವಸ್ತುವಿನ ಆಯ್ಕೆಯಲ್ಲಿ ಜೀವದ ಪ್ರಶ್ನೆಯೇ ಇದೆ. ಎಫ್-16ರ ಕ್ಯಾನೊಪಿಯ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್, ಹಕ್ಕಿ ಬಡಿದರೂ ಸುಲಭವಾಗಿ ಒಡೆಯದಷ್ಟು ಗಟ್ಟಿ. ಅಷ್ಟು ಗಟ್ಟಿಯಾದುದರಿಂದಲೇ ಪೈಲಟ್ ತುರ್ತಾಗಿ ಹೊರಚಿಮ್ಮಬೇಕಾದಾಗ ಅದನ್ನು ಒಡೆದು ಹೋಗುವಂತಿಲ್ಲ. ಮೊದಲು ಇಡೀ ಕ್ಯಾನೊಪಿ ಕಳಚಿ ಹಾರಬೇಕು, ಆಮೇಲೆ ಸೀಟು. ನಮ್ಮ ವಾಯುಪಡೆ ತರಬೇತಿಗೆ ಬಳಸುವ ಹಾಕ್ ವಿಮಾನದ್ದು ಅಕ್ರಿಲಿಕ್. ಅದರ ಮೇಲೆ ಅಂಕುಡೊಂಕಾಗಿ ಓಡುವ ಗೆರೆಯೊಂದು ಫೋಟೊಗಳಲ್ಲೂ ಕಾಣುತ್ತದೆ. ಅದು ಸಿಡಿಮದ್ದಿನ ಸಣ್ಣ ಹುರಿ. ಸೀಟು ಮೇಲೇಳುವ ಮೊದಲು ಅದು ಸಿಡಿದು ಕ್ಯಾನೊಪಿಯನ್ನು ಚೂರು ಮಾಡುತ್ತದೆ. ಪೈಲಟ್ ದಿನವೂ ಆ ಗೆರೆಯ ಮೂಲಕವೇ ಆಕಾಶ ನೋಡಬೇಕು. ನೋಟದಲ್ಲಿ ಇಷ್ಟು ಅಡ್ಡಿಯನ್ನು ಒಪ್ಪಿಕೊಂಡು ಜೀವ ಉಳಿಸುವ ಆ ತೀರ್ಮಾನ ಸರಿಯಾದದ್ದೆಂದು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ. ಕೆಲವು ಕ್ಯಾನೊಪಿಗಳಿಗೆ ಹೊಂಬಣ್ಣದ ಛಾಯೆ ಇರುವುದು ರೇಡಾರ್ ಅಲೆಗಳು ಒಳಹೊಕ್ಕು ಚದುರದಂತೆ ಹಚ್ಚುವ ತೆಳು ಲೋಹಲೇಪದಿಂದ. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಎಫ್-35 ಮತ್ತು ಸು-57 ಎರಡೂ ಪ್ರದರ್ಶನಗೊಂಡಾಗ, ನಮ್ಮ ವಿದ್ಯಾರ್ಥಿಗಳ ನಡುವೆ ಹೆಚ್ಚು ಚರ್ಚೆಯಾದದ್ದು ಎಂಜಿನ್ನುಗಳ ಬಗ್ಗೆ ಅಲ್ಲ, ಕ್ಯಾನೊಪಿಗಳ ಬಗ್ಗೆ ಎಂಬುದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು.

ಎಫ್-35ರಲ್ಲಿ ಹಡ್ ಇಲ್ಲ. ಆ ಮಾಹಿತಿಯೆಲ್ಲ ಹೆಲ್ಮೆಟ್ಟಿನ ಮುಖಗಾಜಿಗೆ ಬಂದಿದೆ. ವಿಮಾನದ ಮೈಸುತ್ತಲಿನ ಆರು ಅವಗೆಂಪು ಕ್ಯಾಮೆರಾಗಳ ಚಿತ್ರವೂ ಅದರಲ್ಲೇ ಮೂಡಿ, ಪೈಲಟ್‌ಗೆ ತನ್ನ ಕಾಲಿನ ಕೆಳಗಿನ ನೆಲವೂ ಕಾಣುತ್ತದೆ. ಹಾಗಾದರೆ ಇನ್ನು ಪಾರದರ್ಶಕ ಕ್ಯಾನೊಪಿ ಏಕೆ, ಮುಚ್ಚಿದ ಪೆಟ್ಟಿಗೆಯಲ್ಲೇ ಕೂರಿಸಬಹುದಲ್ಲ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಕ್ಯಾಮೆರಾ, ಕಂಪ್ಯೂಟರ್, ವಿದ್ಯುತ್ ಇವುಗಳಲ್ಲಿ ಒಂದು ಕೈಕೊಟ್ಟರೂ ಪೈಲಟ್ ಕುರುಡಾಗುವ ವಿನ್ಯಾಸವನ್ನು ನಾನು ಒಪ್ಪಲಾರೆ. ಎಫ್-35ರಲ್ಲೂ ದೊಡ್ಡ ಕ್ಯಾನೊಪಿ ಉಳಿದಿದೆ. ಜೊತೆಗೆ ತಲೆ ಎತ್ತ ತಿರುಗಿತು ಎಂಬುದನ್ನು ಯಂತ್ರ ಅಳೆದು ಚಿತ್ರವನ್ನು ಹೊಂದಿಸಲು ತಡವಾದರೆ, ಗುರಿಗೆರೆ ಹೊರಗಿನ ವಸ್ತುವಿನ ಹಿಂದೆ ಹಿಂದೆ ಓಡುತ್ತದೆ. ಈ ವರ್ಷದ ತಂಡಕ್ಕೆ ಅದನ್ನೇ ಅಳೆಯುವ ಕೆಲಸ ಕೊಟ್ಟಿದ್ದೇನೆ. ಕಡಿಮೆ ಬೆಲೆಯ ಸಂವೇದಕವೊಂದನ್ನು ಬೈಕಿನ ಹೆಲ್ಮೆಟ್ಟಿಗೆ ಜೋಡಿಸಿ, ತಲೆ ತಿರುಗಿದ ಕ್ಷಣಕ್ಕೂ ಪರದೆಯ ಗೆರೆ ಸರಿದ ಕ್ಷಣಕ್ಕೂ ನಡುವಿನ ಅಂತರವನ್ನು ನಿಧಾನಗತಿಯ ವಿಡಿಯೊದಲ್ಲಿ ಎಣಿಸಬೇಕು. ಮೊದಲು ಬರಿಗಣ್ಣಿಗೆ, ಆಮೇಲೆ ಅದೇ ಬಾಗಿದ ಅಕ್ರಿಲಿಕ್ಕಿನ ಅಂಚಿನ ಮೂಲಕ.