ನೀಲಿ ಚಂದ್ರನ ಲೆಕ್ಕ

ಇವತ್ತು ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಪಕ್ಕದ ಸೀಟಿನ ಆಂಟಿ ಫೋನಿನಲ್ಲಿ ದೂರು ಹೇಳುತ್ತಿದ್ದರು. "ನಿನ್ನ ತಮ್ಮ ಮನೆಗೆ ಬರೋದು ಒನ್ಸ್ ಇನ್ ಎ ಬ್ಲೂ ಮೂನ್, ಮಾರಾಯ್ತಿ!" ಮಂಗಳೂರು ಕಡೆಯವರು ಅಂತ ಅಷ್ಟರಲ್ಲೇ ಗೊತ್ತಾಯಿತು.

ತೀರಾ ಅಪರೂಪ ಅನ್ನೋದಕ್ಕೆ ನಾವೆಲ್ಲ ಸುಮ್ನೆ ಬಳಸುವ ಮಾತು. ಆದರೆ ಬ್ಲೂ ಮೂನ್ ಅಷ್ಟೇನೂ ಅಪರೂಪವಲ್ಲ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಿದ್ದರೆ ಎರಡನೆಯದಕ್ಕೆ ಆ ಹೆಸರು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಹಾಗಾಗಿ ಫೆಬ್ರವರಿಗೆ ಆ ಯೋಗವೇ ಇಲ್ಲ, ಪಾಪ. ಉಳಿದಂತೆ ಹೆಚ್ಚುಕಮ್ಮಿ ಎರಡೂವರೆ ವರ್ಷಕ್ಕೊಮ್ಮೆ ಬರುತ್ತದೆ.

ನಮ್ಮ ಅಧಿಕ ಮಾಸದ ಹಾಗೇ ಅಲ್ವಾ? ಎರಡಕ್ಕೂ ಕಾರಣ ಒಂದೇ. ಚಂದ್ರನ ತಿಂಗಳು, ಸೂರ್ಯನ ವರ್ಷ ಎರಡರ ಲೆಕ್ಕ ತಾಳೆಯಾಗುವುದಿಲ್ಲ. 2023ರಲ್ಲಿ ಅಧಿಕ ಶ್ರಾವಣವೂ ಬಂತು, ಆಗಸ್ಟ್‌ನಲ್ಲಿ ಬ್ಲೂ ಮೂನೂ ಬಂತು. 2026ರಲ್ಲಂತೂ ಮೇ 31ರ ಬ್ಲೂ ಮೂನೇ ಅಧಿಕ ಜ್ಯೇಷ್ಠದ ಹುಣ್ಣಿಮೆ!

ಬಣ್ಣ ಮಾತ್ರ ನೀಲಿಯಲ್ಲ. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದು ಬೂದಿ ಹರಡಿದಾಗ ಚಂದ್ರ ನಿಜಕ್ಕೂ ನೀಲಿಯಾಗಿ ಕಂಡಿದ್ದುಂಟು.

ಸಂಜೆ ಆರಕ್ಕೆ ದಾದರ್‌ನಲ್ಲಿ ಹತ್ತಿ ಕಿಟಕಿ ಸೀಟು ಸಿಗೋದಕ್ಕೆ ಏನಂತೀರಿ? ಅದು ಯಾವ ಪಂಚಾಂಗದಲ್ಲೂ ಇಲ್ಲ.